ಬಂದೂಕು ತರಬೇತಿ ಸಂಘಗಳ ಸದಸ್ಯರ ಕುರಿತ ಕಳವಳವನ್ನು ಪೊಲೀಸರಿಗೆ ತಿಳಿಸುವ ವಿಧಾನ

(ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲೂಕುಗಳ ಸಾರ್ವಜನಿಕರು, ಶಸ್ತ್ರ ಪರವಾನಗಿದಾರರು ಮತ್ತು ಸಂಘಗಳ ಪದಾಧಿಕಾರಿಗಳ ಮಾಹಿತಿಗಾಗಿ)

1. ಪೀಠಿಕೆ

ಬೆಳಗಾವಿ ಜಿಲ್ಲೆಯ ಈ ಭಾಗವು ಕೋಟೆ ಹಾಗೂ ವಾಡೆಗಳ ಸೀಮೆಯಾಗಿದೆ. ತೊರಗಲ್, ಸವದತ್ತಿ, ರಾಮದುರ್ಗ ಮತ್ತು ಕಿತ್ತೂರಿನ ಕೋಟೆಗಳು ಇದಕ್ಕೆ ಸಾಕ್ಷಿಯಾಗಿವೆ. ಇಂದು ಶಸ್ತ್ರವನ್ನು ಹೊಂದುವ ಉದ್ದೇಶಗಳು ಬದಲಾಗಿವೆ. ಬೆಳೆ ರಕ್ಷಣೆ, ಆತ್ಮರಕ್ಷಣೆ ಹಾಗೂ ಗುರಿ ಶೂಟಿಂಗ್ ಕ್ರೀಡೆ, ಇವು ಪರವಾನಗಿ ಕೋರಿ ಬರುವ ಅರ್ಜಿಗಳಲ್ಲಿ ಕಂಡುಬರುವ ಸಾಮಾನ್ಯ ಕಾರಣಗಳಾಗಿವೆ.

ಪರವಾನಗಿ ನೀಡುವ ಮುನ್ನ ಪೊಲೀಸ್ ವರದಿಯನ್ನು ಪಡೆಯಲಾಗುತ್ತದೆ. ಆದರೆ ಆ ವರದಿಯು ಅಂದಿನ ಸ್ಥಿತಿಯನ್ನು ಮಾತ್ರ ತಿಳಿಸುತ್ತದೆ. ಪರವಾನಗಿಯ ಅವಧಿಯು 5 ವರ್ಷಗಳಾಗಿದ್ದು, ಈ ಅವಧಿಯಲ್ಲಿ ವ್ಯಕ್ತಿಯ ಸಂಸಾರ, ಸಾಲ, ಆರೋಗ್ಯ, ನೆರೆಹೊರೆಯ ಸಂಬಂಧ ಎಲ್ಲವೂ ಬದಲಾಗಬಹುದು. ಇಂತಹ ಬದಲಾವಣೆಯು ಠಾಣೆಗೆ ತಿಳಿಯುವ ಬಹು ಮೊದಲೇ ಆ ವ್ಯಕ್ತಿಯೊಡನೆ ಒಂದೇ ಸಾಲಿನಲ್ಲಿ ನಿಂತು ಗುರಿ ಅಭ್ಯಾಸ ಮಾಡುವವರಿಗೆ ಹಾಗೂ ಮನೆಯವರಿಗೆ ಗೋಚರಿಸುತ್ತದೆ. ಅವರು ಕಂಡುದನ್ನು ಯಾರಿಗೆ, ಯಾವಾಗ, ಹೇಗೆ ತಿಳಿಸಬೇಕೆಂಬುದನ್ನು ವಿವರಿಸುವುದೇ ಈ ಮಾಹಿತಿಯ ಉದ್ದೇಶವಾಗಿರುತ್ತದೆ.

2. ಪರವಾನಗಿ ಮತ್ತು ಅಧಿಕಾರ ವ್ಯಾಪ್ತಿ

ಶಸ್ತ್ರ ಪರವಾನಗಿಗೆ ಸಂಬಂಧಿಸಿದ ವಿಷಯಗಳು ಕೇಂದ್ರ ಸರ್ಕಾರದ ಶಸ್ತ್ರಾಸ್ತ್ರ ಕಾಯ್ದೆ 1959 ಹಾಗೂ ಶಸ್ತ್ರಾಸ್ತ್ರ ನಿಯಮಗಳು 2016ಕ್ಕೆ ಒಳಪಟ್ಟಿವೆ. ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತರಲಾಗಿದ್ದು, ಅದರನ್ವಯ ಸಾಮಾನ್ಯ ಪರವಾನಗಿದಾರನು ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು 3ರಿಂದ 2ಕ್ಕೆ ಇಳಿಸಲಾಗಿದೆ ಮತ್ತು ಪರವಾನಗಿಯ ಅವಧಿಯನ್ನು 3 ವರ್ಷಗಳಿಂದ 5 ವರ್ಷಗಳಿಗೆ ಏರಿಸಲಾಗಿದೆ. ಮಾನ್ಯತೆ ಪಡೆದ ಶೂಟಿಂಗ್ ಕ್ರೀಡಾಪಟುಗಳಿಗೆ ಸಂಖ್ಯೆಯ ವಿಷಯದಲ್ಲಿ ಪ್ರತ್ಯೇಕ ವಿನಾಯಿತಿ ಇರುತ್ತದೆ.

ಬೆಳಗಾವಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳು ಜಿಲ್ಲಾ ದಂಡಾಧಿಕಾರಿಗಳ ನೆಲೆಯಲ್ಲಿ ಪರವಾನಗಿ ಪ್ರಾಧಿಕಾರಿಗಳಾಗಿರುತ್ತಾರೆ. ಬೆಳಗಾವಿ ನಗರ ಪೊಲೀಸ್ ಆಯುಕ್ತಾಲಯದ ವ್ಯಾಪ್ತಿಯು ಇದಕ್ಕೆ ಹೊರತಾಗಿದ್ದು, ಅಲ್ಲಿ ಪೊಲೀಸ್ ಆಯುಕ್ತರು ಪರವಾನಗಿ ಪ್ರಾಧಿಕಾರಿಗಳಾಗಿರುತ್ತಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲೂಕುಗಳು ಜಿಲ್ಲಾ ಪೊಲೀಸ್ ಅಧೀಕ್ಷಕರ ವ್ಯಾಪ್ತಿಗೆ ಬರುತ್ತವೆ. ಈ ಭಾಗದ ಸದಸ್ಯರು ಬೆಳಗಾವಿ, ಧಾರವಾಡ ಅಥವಾ ಬೆಂಗಳೂರಿನ ಸಂಘದಲ್ಲಿ ಅಭ್ಯಾಸ ಮಾಡುತ್ತಿದ್ದರೂ ಅವರ ವೈಯಕ್ತಿಕ ಶಸ್ತ್ರವು ಮನೆಯಲ್ಲಿರುವುದರಿಂದ, ವಾಸಸ್ಥಳದ ಠಾಣೆಗೆ ವಿಷಯ ತಲುಪುವುದು ಅತ್ಯವಶ್ಯವಾಗಿರುತ್ತದೆ.

3. ಕಾಯ್ದೆಯ ಪ್ರಮುಖ ಕಲಮುಗಳು

(ಅ) ಕಲಂ 9: ಹಿಂಸೆ ಅಥವಾ ನೈತಿಕ ಅಧಃಪತನಕ್ಕೆ ಸಂಬಂಧಿಸಿದ ಅಪರಾಧದಲ್ಲಿ ಕಾರಾಗೃಹ ಶಿಕ್ಷೆಗೆ ಗುರಿಯಾದವರು ಶಿಕ್ಷೆಯ ಅವಧಿ ಮುಗಿದ ನಂತರ 5 ವರ್ಷಗಳವರೆಗೆ ಬಂದೂಕು ಹೊಂದುವಂತಿಲ್ಲ. ಶಾಂತಿ ಪಾಲನೆ ಅಥವಾ ಸದ್ವರ್ತನೆಗಾಗಿ ಮುಚ್ಚಳಿಕೆ ಬರೆದುಕೊಡಲು ಆದೇಶಿಸಲ್ಪಟ್ಟವರಿಗೂ ಮುಚ್ಚಳಿಕೆಯ ಅವಧಿಯಲ್ಲಿ ಇದೇ ನಿರ್ಬಂಧ ಅನ್ವಯಿಸುತ್ತದೆ.

(ಆ) ಕಲಂ 17: ಪರವಾನಗಿದಾರನು ಯಾವುದೇ ಕಾರಣದಿಂದ ಪರವಾನಗಿಗೆ ಅನರ್ಹನೆಂದು ಮನವರಿಕೆಯಾದಲ್ಲಿ, ಸಾರ್ವಜನಿಕ ಶಾಂತಿ ಅಥವಾ ಸುರಕ್ಷತೆಗೆ ಅಗತ್ಯವೆನಿಸಿದಲ್ಲಿ, ಮಹತ್ವದ ಸಂಗತಿಯನ್ನು ಮರೆಮಾಚಿ ಪರವಾನಗಿ ಪಡೆದಿದ್ದಲ್ಲಿ ಅಥವಾ ಷರತ್ತನ್ನು ಉಲ್ಲಂಘಿಸಿದ್ದಲ್ಲಿ ಪ್ರಾಧಿಕಾರವು ಪರವಾನಗಿಯನ್ನು ಅಮಾನತುಗೊಳಿಸಬಹುದು ಅಥವಾ ರದ್ದುಪಡಿಸಬಹುದು.

(ಇ) ಕಲಂ 22: ಒಬ್ಬ ವ್ಯಕ್ತಿಯ ವಶದಲ್ಲಿ ಶಸ್ತ್ರವನ್ನು ಬಿಡುವುದರಿಂದ ಸಾರ್ವಜನಿಕ ಶಾಂತಿ ಅಥವಾ ಸುರಕ್ಷತೆಗೆ ಅಪಾಯವಿದೆಯೆಂದು ನಂಬಲು ಕಾರಣವಿದ್ದಲ್ಲಿ, ದಂಡಾಧಿಕಾರಿಗಳು ಆ ಕಾರಣಗಳನ್ನು ದಾಖಲಿಸಿ ಶೋಧನೆ ಹಾಗೂ ಜಪ್ತಿಗೆ ಆದೇಶಿಸಬಹುದು. ಆ ವ್ಯಕ್ತಿಯು ಪರವಾನಗಿ ಹೊಂದಿರುವುದು ಇದಕ್ಕೆ ಅಡ್ಡಿಯಾಗುವುದಿಲ್ಲ.

(ಈ) ಕಲಂ 36: ಈ ಕಾಯ್ದೆಯಡಿ ಅಪರಾಧ ನಡೆದಿರುವುದು ತಿಳಿದ ಪ್ರತಿಯೊಬ್ಬ ವ್ಯಕ್ತಿಯೂ, ಸಮಂಜಸ ಕಾರಣವಿಲ್ಲದಿದ್ದಲ್ಲಿ, ಹತ್ತಿರದ ಪೊಲೀಸ್ ಠಾಣಾಧಿಕಾರಿಗೆ ಅಥವಾ ವ್ಯಾಪ್ತಿಯುಳ್ಳ ದಂಡಾಧಿಕಾರಿಗೆ ಮಾಹಿತಿ ನೀಡತಕ್ಕದ್ದು. ಸಮಂಜಸ ಕಾರಣವಿತ್ತೆಂದು ಸಾಬೀತುಪಡಿಸುವ ಹೊಣೆಯು ಮಾಹಿತಿ ನೀಡದ ವ್ಯಕ್ತಿಯದೇ ಆಗಿರುತ್ತದೆ.

ಮೇಲ್ಕಾಣಿಸಿದ 36ನೇ ಕಲಮಿನ ಕರ್ತವ್ಯವು ನಡೆದ ಅಪರಾಧಕ್ಕೆ ಸಂಬಂಧಿಸಿದ್ದಾಗಿದೆ. ಅಪರಾಧವಿನ್ನೂ ನಡೆದಿಲ್ಲ, ಆದರೆ ನಡೆಯಬಹುದೆಂಬ ಭಯವಿದೆ ಎಂಬ ಸಂದರ್ಭಕ್ಕೆ ಈ ಕಲಮಿನ ಕರ್ತವ್ಯವು ಅನ್ವಯಿಸುವುದಿಲ್ಲ. ಆದಾಗ್ಯೂ 17 ಮತ್ತು 22ನೇ ಕಲಮುಗಳ ಅಧಿಕಾರವು ಕಾರ್ಯಗತವಾಗಬೇಕಾದರೆ ಯಾರಾದರೊಬ್ಬರು ವಿಷಯವನ್ನು ತಿಳಿಸಲೇಬೇಕಾಗುತ್ತದೆ ಎಂಬುದನ್ನು ಪದಾಧಿಕಾರಿಗಳು ಗಮನದಲ್ಲಿರಿಸಿಕೊಳ್ಳುವುದು.

4. ಯಾವ ಸಂಗತಿಗಳನ್ನು ತಿಳಿಸಬೇಕು

ಸಂಗತಿಗಳನ್ನು ಅವುಗಳ ತೀವ್ರತೆಗೆ ಅನುಗುಣವಾಗಿ ಮೂರು ವರ್ಗಗಳಾಗಿ ವಿಂಗಡಿಸಿಕೊಳ್ಳುವುದು ಅನುಕೂಲಕರ.

ಮೊದಲನೆಯ ವರ್ಗ - ತತ್‌ಕ್ಷಣದ ಅಪಾಯ. ಸದಸ್ಯನು ನಿರ್ದಿಷ್ಟ ವ್ಯಕ್ತಿಯನ್ನು ಹೆಸರಿಸಿ ಕೊಲ್ಲುವುದಾಗಿ ಹೇಳಿ ಶಸ್ತ್ರ ಸಮೇತ ಹೊರಟಿರುವುದು. ತನ್ನ ಜೀವವನ್ನು ತೆಗೆದುಕೊಳ್ಳುವುದಾಗಿ ಹೇಳಿರುವುದು. ಕುಡಿದ ಅಮಲಿನಲ್ಲಿ ಬಂದೂಕು ಹಿಡಿದು ಬೆದರಿಸುತ್ತಿರುವುದು. ಇಂತಹ ಸಂದರ್ಭದಲ್ಲಿ ಪತ್ರ ಬರೆಯುವುದಾಗಲಿ, ಸಂಘದ ಸಭೆ ಕರೆಯುವುದಾಗಲಿ ಸಲ್ಲದು. ಕೂಡಲೇ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡತಕ್ಕದ್ದು.

ಎರಡನೆಯ ವರ್ಗ - ನಡೆದಿರುವ ಅಪರಾಧ ಅಥವಾ ಷರತ್ತಿನ ಉಲ್ಲಂಘನೆ. ಉದಾಹರಣೆಗೆ:
- ಸಂಘದ ಉಗ್ರಾಣದಿಂದ ಬಂದೂಕು ಅಥವಾ ಮದ್ದುಗುಂಡು ಕಾಣೆಯಾಗಿರುವುದು, ಬಳಸಿದ ಹಾಗೂ ಉಳಿದ ಗುಂಡುಗಳ ಲೆಕ್ಕ ತಾಳೆಯಾಗದಿರುವುದು.
- ಪರವಾನಗಿ ಇಲ್ಲದವರಿಗೆ ಶಸ್ತ್ರವನ್ನು ಒಪ್ಪಿಸಿರುವುದು ಅಥವಾ ಪರವಾನಗಿ ಇಲ್ಲದ ನಾಡಬಂದೂಕನ್ನು ಹೊಂದಿರುವುದು. ಪರವಾನಗಿ ಇಲ್ಲದೆ ಬಂದೂಕು ಹೊಂದುವುದು 2 ವರ್ಷಗಳಿಗೆ ಕಡಿಮೆಯಿಲ್ಲದ ಹಾಗೂ 5 ವರ್ಷಗಳವರೆಗೆ ವಿಸ್ತರಿಸಬಹುದಾದ ಕಾರಾಗೃಹ ವಾಸ ಮತ್ತು ದಂಡಕ್ಕೆ ಗುರಿಪಡಿಸುವ ಅಪರಾಧವಾಗಿದೆ.
- ಮದುವೆ, ಮೆರವಣಿಗೆ ಅಥವಾ ವಿಜಯೋತ್ಸವದಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿರುವುದು. ಇದಕ್ಕೆ 2 ವರ್ಷಗಳವರೆಗಿನ ಕಾರಾಗೃಹ ವಾಸ ಅಥವಾ 1 ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.
- ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ ಅಥವಾ ಶಾಲಾ ಕಾಲೇಜು ಆವರಣಕ್ಕೆ ಅನುಮತಿಯಿಲ್ಲದೆ ಶಸ್ತ್ರವನ್ನು ಒಯ್ದಿರುವುದು. ಸವದತ್ತಿಯ ಯಲ್ಲಮ್ಮನ ಗುಡ್ಡದ ಜಾತ್ರೆಯಾಗಲಿ, ಕಿತ್ತೂರು ಉತ್ಸವವಾಗಲಿ ಈ ಷರತ್ತಿಗೆ ಹೊರತಲ್ಲ.
- ಬೆಳೆ ರಕ್ಷಣೆಗಾಗಿ ಪಡೆದ ಬಂದೂಕಿನಿಂದ ನವಿಲು, ಕೃಷ್ಣಮೃಗ ಮುಂತಾದ ರಕ್ಷಿತ ವನ್ಯಜೀವಿಗಳನ್ನು ಕೊಂದಿರುವುದು. ಇದು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಅಡಿಯಲ್ಲೂ ಅಪರಾಧವಾಗುತ್ತದೆ.

ಮೂರನೆಯ ವರ್ಗ - ಕಳವಳ. ಯಾವ ಕಾನೂನನ್ನೂ ಮೀರಿಲ್ಲವಾದರೂ ಸದಸ್ಯನ ನಡವಳಿಕೆಯಲ್ಲಿ ಗಮನಾರ್ಹ ಬದಲಾವಣೆ ಕಂಡುಬಂದಿರುವುದು. ಉದಾಹರಣೆಗೆ, ಪದೇ ಪದೇ ಕುಡಿದು ಅಭ್ಯಾಸಕ್ಕೆ ಬರುವುದು. ಸುರಕ್ಷತಾ ಸೂಚನೆಗಳನ್ನು ಬೇಕೆಂದೇ ಕಡೆಗಣಿಸುವುದು. ಜಮೀನು ವ್ಯಾಜ್ಯದ ಎದುರಾಳಿಗೆ ಅಥವಾ ಪತ್ನಿಗೆ ಪಾಠ ಕಲಿಸುವ ಮಾತನಾಡುವುದು. ಯಾವುದೋ ಸಮುದಾಯದ ವಿರುದ್ಧ ಹಿಂಸೆಯನ್ನು ಹೊಗಳುವುದು. ಸಾಲ, ಸಾವು ಅಥವಾ ಬೆಳೆ ನಷ್ಟದ ನಂತರ ಯಾರೊಡನೆಯೂ ಬೆರೆಯದೆ ಬದುಕಿನಲ್ಲಿ ಅರ್ಥವಿಲ್ಲವೆಂದು ಹೇಳುವುದು. ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿಯೂ ಮದ್ದುಗುಂಡಿಗಾಗಿ ಒತ್ತಾಯಿಸುವುದು. ಇವುಗಳಲ್ಲಿ ಒಂದೇ ಒಂದು ಸಂಗತಿಯು ಏನನ್ನೂ ಸಾಬೀತುಪಡಿಸಲಾರದು. ಎರಡು ಮೂರು ಸಂಗತಿಗಳು ಒಟ್ಟಿಗೆ ಕಂಡುಬಂದಾಗ ಠಾಣೆಗೆ ತಿಳಿಸುವುದು ಸೂಕ್ತ.

5. ಯಾವುದು ಕಳವಳಕ್ಕೆ ಕಾರಣವಲ್ಲ

ಸದಸ್ಯನ ಜಾತಿ, ಧರ್ಮ, ಭಾಷೆ, ರಾಜಕೀಯ ಪಕ್ಷ ಅಥವಾ ಬಡತನವು ಮಾಹಿತಿ ನೀಡಲು ಕಾರಣವಾಗಲಾರದು. ಸಂಘದ ಚುನಾವಣೆಯಲ್ಲಿ ಎದುರಾಳಿಯಾಗಿರುವುದು, ಚಂದಾ ಬಾಕಿ ಉಳಿಸಿಕೊಂಡಿರುವುದು ಮುಂತಾದ ಆಂತರಿಕ ವಿಷಯಗಳನ್ನು ಠಾಣೆಗೆ ಒಯ್ಯಬಾರದು.

ಅದರಂತೆಯೇ, ಮಾನಸಿಕ ಆರೋಗ್ಯಕ್ಕಾಗಿ ಚಿಕಿತ್ಸೆ ಪಡೆಯುತ್ತಿರುವುದು ತಾನಾಗಿಯೇ ಅನರ್ಹತೆಯಾಗುವುದಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ, ಒಬ್ಬರಿಗೆ ಮಾನಸಿಕ ಕಾಯಿಲೆಯಿದೆ ಎಂಬ ಮಾತ್ರಕ್ಕೆ, ಸಕ್ಷಮ ನ್ಯಾಯಾಲಯವು ಘೋಷಿಸದ ಹೊರತು, ಅವರನ್ನು ಅಸ್ವಸ್ಥ ಚಿತ್ತರೆಂದು ಪರಿಗಣಿಸುವಂತಿಲ್ಲ. ವೈದ್ಯರ ಬಳಿಗೆ ಹೋದರೆ ಬಂದೂಕು ಹೋಗುತ್ತದೆಂಬ ಭಯ ಹರಡಿದಲ್ಲಿ ಸದಸ್ಯರು ಚಿಕಿತ್ಸೆಯನ್ನೇ ತಪ್ಪಿಸುವ ಸಂಭವವಿರುತ್ತದೆ. ಆದುದರಿಂದ ತಿಳಿಸಬೇಕಾದುದು ನಡೆ ಮತ್ತು ನುಡಿಯನ್ನು, ಕಾಯಿಲೆಯ ಹೆಸರನ್ನಲ್ಲ.

6. ಸಂಘವು ತನ್ನ ಹಂತದಲ್ಲಿ ಮಾಡಬೇಕಾದ ವ್ಯವಸ್ಥೆ

(1) ಪೊಲೀಸರೊಡನೆ ವ್ಯವಹರಿಸಲು ಒಬ್ಬ ಪದಾಧಿಕಾರಿಯನ್ನು ಹಾಗೂ ಅವರ ಅನುಪಸ್ಥಿತಿಯಲ್ಲಿ ಮತ್ತೊಬ್ಬರನ್ನು ಸಂಪರ್ಕಾಧಿಕಾರಿಯೆಂದು ಲಿಖಿತ ಠರಾವಿನ ಮೂಲಕ ನೇಮಿಸುವುದು. ಎಲ್ಲರ ಕೆಲಸವೆಂದುಕೊಂಡದ್ದು ಯಾರಿಂದಲೂ ಆಗದೆ ಉಳಿಯುತ್ತದೆ.

(2) ಹಾಜರಾತಿ, ನೀಡಿದ ಮತ್ತು ಮರಳಿ ಪಡೆದ ಶಸ್ತ್ರ, ಬಳಕೆಯಾದ ಹಾಗೂ ಉಳಿದ ಮದ್ದುಗುಂಡು - ಇವುಗಳ ವಹಿಗಳನ್ನು ಅಂದಂದೇ ಬರೆಯುವುದು. ಮುಂದೆ ವಿಚಾರಣೆಯಾದಲ್ಲಿ ನೆನಪಿಗಿಂತ ವಹಿಯೇ ಹೆಚ್ಚಿನ ಆಧಾರವಾಗುತ್ತದೆ.

(3) ಸದಸ್ಯತ್ವದ ಅರ್ಜಿಯಲ್ಲಿಯೇ, ಸುರಕ್ಷತೆಗೆ ಸಂಬಂಧಿಸಿದ ಕಳವಳವನ್ನು ಸಂಘವು ಪೊಲೀಸರಿಗೆ ತಿಳಿಸಬಹುದೆಂಬ ಷರತ್ತನ್ನು ಸೇರಿಸುವುದು. ಇದರಿಂದ ಮುಂದೆ ತನ್ನೊಬ್ಬನನ್ನೇ ಗುರಿಯಾಗಿಸಲಾಗಿದೆ ಎಂಬ ಆಕ್ಷೇಪಕ್ಕೆ ಅವಕಾಶವಿರುವುದಿಲ್ಲ.

(4) ಕಳವಳ ಉಂಟಾದ ದಿನವೇ ಸದಸ್ಯನಿಗೆ ಸಂಘದ ಶಸ್ತ್ರ ಹಾಗೂ ಮದ್ದುಗುಂಡು ನೀಡುವುದನ್ನು ನಿಲ್ಲಿಸುವುದು. ಇದು ಸಂಘದ ಅಧಿಕಾರದಲ್ಲಿಯೇ ಇರುವ ಕ್ರಮವಾಗಿದ್ದು, ಇದಕ್ಕೆ ಯಾರ ಆದೇಶವೂ ಬೇಕಾಗಿಲ್ಲ.

(5) ಸದಸ್ಯನು ಸಂಘವನ್ನು ಬಿಟ್ಟಾಗ ಅಥವಾ ಆತನನ್ನು ತೆಗೆದುಹಾಕಿದಾಗ ವಿಷಯವನ್ನು ಠಾಣೆಗೆ ತಿಳಿಸುವುದು. ಒಂದು ಸಂಘದಿಂದ ಹೊರಹಾಕಲ್ಪಟ್ಟವರು ಬೇರೊಂದು ಸಂಘವನ್ನು ಸೇರಿದಾಗ ಹಿಂದಿನ ಸಂಗತಿ ಮರೆಯಾಗುವುದುಂಟು.

ಪದಾಧಿಕಾರಿಗಳು ಸದಸ್ಯನ ವೈಯಕ್ತಿಕ ಶಸ್ತ್ರವನ್ನು ತಾವೇ ಕಸಿದುಕೊಳ್ಳಲು ಪ್ರಯತ್ನಿಸಬಾರದು. ಸಂಗತಿಯ ಸತ್ಯಾಸತ್ಯತೆಯನ್ನು ಪತ್ತೆ ಮಾಡಲು ಆತನ ಮನೆಗೆ ಹೋಗಿ ವಿಚಾರಿಸುವುದೂ ಸಂಘದ ಕೆಲಸವಲ್ಲ. ನಿಗದಿತ ಮಿತಿಯೊಳಗಿನ ಏರ್ ರೈಫಲ್ ಹೊಂದಲು ಪರವಾನಗಿ ಬೇಕಾಗಿಲ್ಲವಾದರೂ, ಅಂತಹ ಶಸ್ತ್ರದಿಂದ ಮಾತ್ರ ಅಭ್ಯಾಸ ಮಾಡುವ ಸದಸ್ಯರ ವಿಷಯದಲ್ಲಿಯೂ ಮೇಲಿನ ವ್ಯವಸ್ಥೆಯನ್ನು ಪಾಲಿಸುವುದು ಅಪೇಕ್ಷಣೀಯ.

7. ಎಲ್ಲಿ ಮತ್ತು ಹೇಗೆ ತಿಳಿಸಬೇಕು

ಮಾಹಿತಿಯನ್ನು ಸದಸ್ಯನು ವಾಸವಾಗಿರುವ ಸ್ಥಳದ ಠಾಣಾಧಿಕಾರಿಗೆ ನೀಡುವುದು ಸೂಕ್ತ. ಈ ಭಾಗದಲ್ಲಿ ಬೈಲಹೊಂಗಲ, ದೊಡವಾಡ, ನೇಸರಗಿ, ಕಿತ್ತೂರು, ಸವದತ್ತಿ, ಮುರಗೋಡ, ರಾಮದುರ್ಗ ಮತ್ತು ಕಟಕೋಳದಲ್ಲಿ ಪೊಲೀಸ್ ಠಾಣೆಗಳಿವೆ. ವ್ಯಾಪ್ತಿ ಯಾವುದೆಂದು ತಿಳಿಯದಿದ್ದಲ್ಲಿ ಹತ್ತಿರದ ಠಾಣೆಗೆ ಹೋಗಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 2023 ದಿನಾಂಕ 1-7-2024ರಿಂದ ಜಾರಿಯಲ್ಲಿದ್ದು, ಅದರ 173ನೇ ಕಲಮಿನ ಪ್ರಕಾರ ಸಂಜ್ಞೇಯ ಅಪರಾಧದ ಮಾಹಿತಿಯನ್ನು, ಅಪರಾಧವು ಯಾವ ವ್ಯಾಪ್ತಿಯಲ್ಲಿ ನಡೆದಿದ್ದರೂ, ಯಾವುದೇ ಠಾಣೆಯಲ್ಲಿ ನೀಡಬಹುದಾಗಿದೆ. ವಿದ್ಯುನ್ಮಾನ ಮಾಧ್ಯಮದ ಮೂಲಕ ನೀಡಿದ ಮಾಹಿತಿಗೆ 3 ದಿನಗಳೊಳಗಾಗಿ ಸಹಿ ಮಾಡಬೇಕಾಗುತ್ತದೆ.

ಪತ್ರದ ಪ್ರತಿಗಳನ್ನು ಪೊಲೀಸ್ ಅಧೀಕ್ಷಕರಿಗೆ ಹಾಗೂ ಪರವಾನಗಿ ಪ್ರಾಧಿಕಾರಿಗಳಾದ ಜಿಲ್ಲಾಧಿಕಾರಿಗಳಿಗೆ ಸಲ್ಲಿಸುವುದು ಒಳ್ಳೆಯದು. ಖುದ್ದಾಗಿ ನೀಡಿದಲ್ಲಿ ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿಯನ್ನು ಪಡೆಯತಕ್ಕದ್ದು.

ಪತ್ರದಲ್ಲಿ ಇರಬೇಕಾದ ವಿವರಗಳು:
1) ಸದಸ್ಯನ ಹೆಸರು, ವಿಳಾಸ ಹಾಗೂ ಸದಸ್ಯತ್ವ ಸಂಖ್ಯೆ.
2) ತಿಳಿದಿದ್ದಲ್ಲಿ ಪರವಾನಗಿ ಸಂಖ್ಯೆ, ವಿಶಿಷ್ಟ ಗುರುತಿನ ಸಂಖ್ಯೆ ಮತ್ತು ಶಸ್ತ್ರದ ವಿಧ.
3) ಕಂಡ ಅಥವಾ ಕೇಳಿದ ಸಂಗತಿ, ದಿನಾಂಕ, ವೇಳೆ ಮತ್ತು ಸ್ಥಳ.
4) ಸಂಗತಿಯನ್ನು ಸ್ವತಃ ಕಂಡವರು ಯಾರು, ಇತರರಿಂದ ಕೇಳಿದವರು ಯಾರು ಎಂಬುದು.
5) ಸಂದೇಶ, ಚಿತ್ರ ಅಥವಾ ವಹಿಯ ಪುಟಗಳಿದ್ದಲ್ಲಿ ಅವುಗಳ ಪ್ರತಿ. ಮೂಲವನ್ನು ಅಳಿಸದೆ ಕಾಯ್ದಿಡುವುದು.
6) ಸಂಘವು ಈಗಾಗಲೇ ಕೈಗೊಂಡ ಕ್ರಮ.
7) ಮನೆಯಲ್ಲಿ ಅಪಾಯಕ್ಕೆ ಒಳಗಾಗಬಹುದಾದವರು ಇದ್ದಾರೆಯೇ ಎಂಬುದು.
8) ಮಾಹಿತಿ ನೀಡುವವರ ಹೆಸರು ಮತ್ತು ದೂರವಾಣಿ ಸಂಖ್ಯೆ.

ಅಭಿಪ್ರಾಯಕ್ಕಿಂತ ಸಂಗತಿಗೆ ಹೆಚ್ಚಿನ ಬೆಲೆಯಿರುತ್ತದೆ. "ಸದರಿ ಸದಸ್ಯನು ಅಪಾಯಕಾರಿ ಮನುಷ್ಯ" ಎಂಬ ವಾಕ್ಯದ ಮೇಲೆ ಯಾವ ಅಧಿಕಾರಿಯೂ ಕ್ರಮ ಕೈಗೊಳ್ಳಲಾರರು. "ಸದರಿ ಸದಸ್ಯನು ಸೋಮವಾರ ಸಂಜೆ ಅಭ್ಯಾಸದ ನಂತರ, ಇಬ್ಬರು ಸದಸ್ಯರ ಎದುರಿನಲ್ಲಿ, ಹೊಲದ ಬದುವಿನ ವ್ಯಾಜ್ಯವನ್ನು ಗುಂಡಿನಿಂದ ತೀರಿಸುವುದಾಗಿ ಹೇಳಿದನು" ಎಂಬ ವಾಕ್ಯವನ್ನು ಪರಿಶೀಲಿಸಬಹುದು, ಇಬ್ಬರನ್ನು ವಿಚಾರಿಸಬಹುದು, ವ್ಯಾಜ್ಯದ ದಾಖಲೆಯನ್ನು ನೋಡಬಹುದು.

8. ಮಾಹಿತಿ ಬಂದ ನಂತರದ ಕ್ರಮ

ಮಾಹಿತಿಯು ಅಪರಾಧವನ್ನು ತೋರಿಸಿದಲ್ಲಿ ಪ್ರಕರಣ ದಾಖಲಿಸಿ ತನಿಖೆ ಕೈಗೊಳ್ಳಲಾಗುತ್ತದೆ. ಕಳವಳ ಮಾತ್ರವಾಗಿದ್ದಲ್ಲಿ ಠಾಣಾಧಿಕಾರಿಯು ವಿಚಾರಣೆ ನಡೆಸಿ, ಶಸ್ತ್ರ ಮತ್ತು ಪರವಾನಗಿಯನ್ನು ಪರಿಶೀಲಿಸಿ, ಮೇಲಧಿಕಾರಿಗಳ ಮೂಲಕ ಪರವಾನಗಿ ಪ್ರಾಧಿಕಾರಕ್ಕೆ ವರದಿ ಸಲ್ಲಿಸಬಹುದು. ಶಾಂತಿ ಭಂಗದ ಸಂಭವವಿದ್ದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮಿನಡಿ ಮುಚ್ಚಳಿಕೆ ಪಡೆಯಲು ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ವರದಿ ಮಾಡಬಹುದು. ಮುಚ್ಚಳಿಕೆಗೆ ಆದೇಶವಾದಲ್ಲಿ 9ನೇ ಕಲಮಿನ ನಿರ್ಬಂಧವು ತಾನಾಗಿ ಅನ್ವಯವಾಗುತ್ತದೆ.

ಪರವಾನಗಿಯು ಅಮಾನತು ಅಥವಾ ರದ್ದಾದಲ್ಲಿ ಪರವಾನಗಿದಾರನು ಅದನ್ನು ವಿಳಂಬವಿಲ್ಲದೆ ಪ್ರಾಧಿಕಾರಕ್ಕೆ ಒಪ್ಪಿಸತಕ್ಕದ್ದು. ಶಸ್ತ್ರವನ್ನು 21ನೇ ಕಲಮಿನನ್ವಯ ಹತ್ತಿರದ ಠಾಣಾಧಿಕಾರಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯ ಬಳಿ ಠೇವಣಿ ಇಡತಕ್ಕದ್ದು.

ಚುನಾವಣೆಯ ಸಮಯದಲ್ಲಿ ಶಸ್ತ್ರಗಳನ್ನು ಠೇವಣಿ ಪಡೆಯುವುದು ಇದಕ್ಕಿಂತ ಭಿನ್ನವಾದ ಪ್ರಕ್ರಿಯೆಯಾಗಿದೆ. ಚುನಾವಣೆ ಮುಗಿದ ಬಳಿಕ ಶಸ್ತ್ರವು ಮಾಲೀಕನಿಗೆ ಮರಳುತ್ತದೆ. ಚುನಾವಣೆಯಲ್ಲಿ ಠೇವಣಿಯಾಗಿತ್ತೆಂಬ ಕಾರಣಕ್ಕೆ ಸದಸ್ಯನ ಕುರಿತ ಕಳವಳವು ಪರಿಹಾರವಾಯಿತೆಂದು ಭಾವಿಸಬಾರದು.

9. ಮಾಹಿತಿದಾರರ ರಕ್ಷಣೆ

ಚಿಕ್ಕ ಊರುಗಳಲ್ಲಿ ಮಾಹಿತಿ ನೀಡಲು ಹಿಂಜರಿಯಲು ಮುಖ್ಯ ಕಾರಣ ಹೆಸರು ಬಯಲಾಗುವ ಭಯವಾಗಿರುತ್ತದೆ. ಈ ಬಗ್ಗೆ ಕಾನೂನಿನಲ್ಲಿ ಕೆಳಕಂಡ ರಕ್ಷಣೆಗಳಿವೆ.

ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 131ನೇ ಕಲಮಿನ ಪ್ರಕಾರ, ಅಪರಾಧದ ಮಾಹಿತಿ ಎಲ್ಲಿಂದ ಬಂತೆಂದು ಹೇಳುವಂತೆ ಪೊಲೀಸ್ ಅಧಿಕಾರಿಯನ್ನಾಗಲಿ ದಂಡಾಧಿಕಾರಿಯನ್ನಾಗಲಿ ಒತ್ತಾಯಪಡಿಸುವಂತಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ 8(1)(ಜಿ) ಕಲಮು, ಕಾನೂನು ಜಾರಿಗಾಗಿ ಗೋಪ್ಯವಾಗಿ ಮಾಹಿತಿ ನೀಡಿದವರ ಗುರುತನ್ನು ತಿಳಿಸುವ ಅಥವಾ ಯಾರದೇ ಜೀವಕ್ಕೆ ಅಪಾಯ ತರುವ ಮಾಹಿತಿಗೆ ವಿನಾಯಿತಿ ನೀಡಿದೆ. ಆದಾಗ್ಯೂ ಪ್ರಕರಣವು ನ್ಯಾಯಾಲಯದ ಮುಂದೆ ಬಂದು, ಸಂಗತಿಯನ್ನು ಸ್ವತಃ ಕಂಡವರ ಸಾಕ್ಷ್ಯವು ಅಗತ್ಯವಾದಲ್ಲಿ ಅವರು ಹೇಳಿಕೆ ನೀಡಬೇಕಾಗಬಹುದು ಎಂಬುದನ್ನು ಮೊದಲೇ ತಿಳಿದಿರುವುದು ಒಳಿತು.

ಹೆಸರಿಲ್ಲದ ಪತ್ರಗಳಿಂದ ಸೀಮಿತ ಪ್ರಯೋಜನವಿರುತ್ತದೆ. ಪತ್ರ ಬರೆದವರನ್ನು ಮರಳಿ ಪ್ರಶ್ನಿಸಲು, ದಿನಾಂಕವನ್ನು ಖಚಿತಪಡಿಸಿಕೊಳ್ಳಲು ಅಥವಾ ಹೊಸ ಬೆಳವಣಿಗೆಯನ್ನು ತಿಳಿಯಲು ಸಾಧ್ಯವಾಗುವುದಿಲ್ಲ. ಹೆಸರನ್ನು ತಿಳಿಸಿ, ಅದನ್ನು ಗೋಪ್ಯವಾಗಿಡುವಂತೆ ಪತ್ರದಲ್ಲಿಯೇ ಕೋರುವುದು ಉತ್ತಮ ಮಾರ್ಗ.

10. ಸುಳ್ಳು ಮಾಹಿತಿ ಮತ್ತು ಸದಸ್ಯನ ಹಕ್ಕು

ಸುಳ್ಳೆಂದು ತಿಳಿದೂ, ಸರ್ಕಾರಿ ನೌಕರನು ತನ್ನ ಅಧಿಕಾರವನ್ನು ಮತ್ತೊಬ್ಬರಿಗೆ ತೊಂದರೆಯಾಗುವಂತೆ ಬಳಸಲೆಂದು ಮಾಹಿತಿ ನೀಡುವುದು ಭಾರತೀಯ ನ್ಯಾಯ ಸಂಹಿತೆ 2023ರ 217ನೇ ಕಲಮಿನಡಿ ಅಪರಾಧವಾಗಿದೆ. ಇದಕ್ಕೆ 1 ವರ್ಷದವರೆಗಿನ ಕಾರಾಗೃಹ ವಾಸ ಅಥವಾ 10,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸದ್ಭಾವನೆಯಿಂದ ನೀಡಿದ ಮಾಹಿತಿಯು ವಿಚಾರಣೆಯಲ್ಲಿ ಸಾಬೀತಾಗದಿದ್ದ ಮಾತ್ರಕ್ಕೆ ಈ ಅಪರಾಧವಾಗುವುದಿಲ್ಲ. ಸುಳ್ಳೆಂಬ ಅರಿವು ಇದ್ದಾಗ ಮಾತ್ರ ಕಲಮು ಅನ್ವಯಿಸುತ್ತದೆ.

ಮಾಹಿತಿಗೆ ಗುರಿಯಾದ ಸದಸ್ಯನಿಗೂ ಹಕ್ಕುಗಳಿವೆ. ಅಮಾನತು ಅಥವಾ ರದ್ದತಿಯ ಕಾರಣಗಳನ್ನು ಪ್ರಾಧಿಕಾರವು ಲಿಖಿತವಾಗಿ ದಾಖಲಿಸಬೇಕು. ಸಾರ್ವಜನಿಕ ಹಿತಕ್ಕೆ ವಿರುದ್ಧವೆನಿಸದ ಹೊರತು, ಕೇಳಿದಾಗ ಆ ಕಾರಣಗಳ ಸಂಕ್ಷಿಪ್ತ ವಿವರವನ್ನು ಒದಗಿಸಬೇಕು. ಆದೇಶದ ವಿರುದ್ಧ 18ನೇ ಕಲಮಿನನ್ವಯ ನಿಗದಿತ ಅವಧಿಯೊಳಗೆ ಮೇಲ್ಮನವಿ ಸಲ್ಲಿಸಬಹುದು. ಈ ಕಾರಣದಿಂದ ಸಂಘವು ಮಾಹಿತಿ ನೀಡಿದ ವಿಷಯವನ್ನು ಇತರ ಸದಸ್ಯರಲ್ಲಿ ಹರಡಬಾರದು. ವಿಚಾರಣೆಯ ನಂತರ ಕಳವಳಕ್ಕೆ ಆಧಾರವಿಲ್ಲವೆಂದು ಕಂಡುಬಂದಲ್ಲಿ ಆ ಸದಸ್ಯನು ಗೌರವದಿಂದ ಸಂಘಕ್ಕೆ ಮರಳುವಂತಿರಬೇಕು.

11. ಸ್ವಇಚ್ಛೆಯ ಠೇವಣಿ ಮತ್ತು ವೈದ್ಯಕೀಯ ನೆರವು

ಎಲ್ಲ ಕಳವಳವೂ ಮತ್ತೊಬ್ಬರಿಗೆ ಅಪಾಯದ ಕುರಿತಾಗಿರುವುದಿಲ್ಲ. ಸಂಕಟದಲ್ಲಿರುವ ಸದಸ್ಯನ ಜೀವವೇ ಅಪಾಯದಲ್ಲಿರಬಹುದು. ದುಡುಕಿನ ಘಳಿಗೆಯು ಬಹುತೇಕ ಕ್ಷಣಿಕವಾದುದು. ಆ ಘಳಿಗೆಯಲ್ಲಿ ಬಂದೂಕು ಕೈಗೆಟುಕದಿದ್ದಲ್ಲಿ ಒಂದು ಜೀವ ಉಳಿಯುವ ಅವಕಾಶ ಹೆಚ್ಚುತ್ತದೆ.

ಪರವಾನಗಿದಾರನು ತನ್ನ ಶಸ್ತ್ರವನ್ನು ಸುರಕ್ಷಿತ ಪಾಲನೆಗಾಗಿ ಠಾಣೆಯಲ್ಲಿ ಅಥವಾ ಅಧಿಕೃತ ವ್ಯಾಪಾರಿಯ ಬಳಿ ಸ್ವಇಚ್ಛೆಯಿಂದ ಇಡಲು ನಿಯಮಗಳಲ್ಲಿ ಅವಕಾಶವಿದೆ. ತನ್ನ ಅರ್ಜಿಯ ಮೇರೆಗೆ ಪರವಾನಗಿಯನ್ನೇ ರದ್ದುಪಡಿಸಿಕೊಳ್ಳಲು 17ನೇ ಕಲಮಿನಲ್ಲಿ ಅವಕಾಶವಿದೆ. ಸ್ನೇಹಿತರ ಮಾತಿಗೆ ಒಪ್ಪಿ ಇಡುವ ಇಂತಹ ಠೇವಣಿಯಿಂದ ಯಾವ ಕಳಂಕವೂ ತಗಲುವುದಿಲ್ಲ. ಠೇವಣಿಯ ರಸೀದಿಯನ್ನು ಪಡೆಯತಕ್ಕದ್ದು.

ಮಾನಸಿಕ ಸಂಕಟದಲ್ಲಿರುವವರು ಹಾಗೂ ಅವರ ಮನೆಯವರು ಉಚಿತ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಈ ಭಾಗಕ್ಕೆ ಸಮೀಪದಲ್ಲಿ ಧಾರವಾಡದ ಮಾನಸಿಕ ಆರೋಗ್ಯ ಹಾಗೂ ನರವಿಜ್ಞಾನ ಸಂಸ್ಥೆ (ಡಿಮ್ಹಾನ್ಸ್) ಚಿಕಿತ್ಸೆ ನೀಡುತ್ತದೆ. ಮನೆಯಲ್ಲಿ ಶಸ್ತ್ರದ ಬೆದರಿಕೆಗೆ ಒಳಗಾದ ಮಹಿಳೆಯರು 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದಾಗಿದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ 2005ರ ಅನ್ವಯ ರಕ್ಷಣಾಧಿಕಾರಿಗಳ ನೆರವನ್ನೂ ಪಡೆಯಬಹುದು.

12. ಇತರ ದೇಶಗಳ ಅನುಭವ

ಸ್ಕಾಟ್ಲೆಂಡಿನ ಡನ್‌ಬ್ಲೇನ್ ಪಟ್ಟಣದ ಪ್ರಾಥಮಿಕ ಶಾಲೆಯಲ್ಲಿ ದಿನಾಂಕ 13-3-1996ರಂದು 16 ಮಕ್ಕಳು ಹಾಗೂ ಒಬ್ಬ ಶಿಕ್ಷಕಿ ಗುಂಡಿಗೆ ಬಲಿಯಾದರು. ಕೃತ್ಯ ಎಸಗಿದವನು ಪರವಾನಗಿ ಹೊಂದಿದ್ದ ಹಾಗೂ ಶೂಟಿಂಗ್ ಸಂಘದಲ್ಲಿ ಅಭ್ಯಾಸ ಮಾಡುತ್ತಿದ್ದ ವ್ಯಕ್ತಿಯಾಗಿದ್ದನು. ಆತನ ಪರವಾನಗಿಯನ್ನು ಹಿಂಪಡೆಯುವ ಬಗ್ಗೆ ಪರಿಶೀಲಿಸಬೇಕೆಂದು ಒಬ್ಬ ಪೊಲೀಸ್ ಅಧಿಕಾರಿಯು 1991ರಲ್ಲಿಯೇ ಬರೆದಿದ್ದರೂ ಅದರ ಮೇಲೆ ಕ್ರಮವಾಗಿರಲಿಲ್ಲವೆಂಬುದು ನಂತರದ ವಿಚಾರಣೆಯಲ್ಲಿ ಬೆಳಕಿಗೆ ಬಂದಿತು. ಬ್ರಿಟನ್ನಿನಲ್ಲಿ ಮಾನ್ಯತೆ ಪಡೆದ ಸಂಘಗಳು ಪೊಲೀಸರೊಡನೆ ವ್ಯವಹರಿಸಲು ಸಂಪರ್ಕಾಧಿಕಾರಿಯನ್ನು ನೇಮಿಸಬೇಕು. ಪರವಾನಗಿದಾರ ಸದಸ್ಯನು ಸಂಘವನ್ನು ಬಿಟ್ಟಾಗ ಅಥವಾ 12 ತಿಂಗಳು ಅಭ್ಯಾಸಕ್ಕೆ ಬಾರದಿದ್ದಾಗ ಪೊಲೀಸರಿಗೆ ತಿಳಿಸಬೇಕು.

ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಪರವಾನಗಿ ಹೊಂದಿದ್ದ ಒಬ್ಬ ಕ್ರೀಡಾ ಶೂಟರನ ಕುರಿತು 2023ರ ಜನವರಿಯಲ್ಲಿ ಹೆಸರಿಲ್ಲದ ಪತ್ರವೊಂದು ಅಧಿಕಾರಿಗಳಿಗೆ ಬಂದಿತ್ತು. ಫೆಬ್ರವರಿಯಲ್ಲಿ ಅಧಿಕಾರಿಗಳು ಆತನ ಮನೆಗೆ ಭೇಟಿ ನೀಡಿದರಾದರೂ ಶಸ್ತ್ರವನ್ನು ಹಿಂಪಡೆಯುವಷ್ಟು ಆಧಾರವು ಅವರಿಗೆ ಕಂಡುಬರಲಿಲ್ಲ. ದಿನಾಂಕ 9-3-2023ರಂದು ಆತನು ಪ್ರಾರ್ಥನಾ ಸಭೆಯೊಂದರಲ್ಲಿ ಗುಂಡು ಹಾರಿಸಿ ಹಲವರನ್ನು ಕೊಂದನು. ಮಾಹಿತಿ ತಲುಪುವುದಷ್ಟೇ ಸಾಲದು, ಅದು ಪರಿಶೀಲಿಸಲು ಬರುವಷ್ಟು ವಿವರವಾಗಿಯೂ ಇರಬೇಕೆಂಬುದಕ್ಕೆ ಇದು ನಿದರ್ಶನವಾಗಿದೆ.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಂಘದ ಸದಸ್ಯರಲ್ಲದವರು ಮಾಹಿತಿ ನೀಡಬಹುದೇ?
ಉತ್ತರ: ನೀಡಬಹುದು. ಪತ್ನಿ, ಮಕ್ಕಳು, ನೆರೆಯವರು, ಗ್ರಾಮ ಪಂಚಾಯಿತಿ ಸದಸ್ಯರು, ಶಿಕ್ಷಕರು ಯಾರೇ ಆಗಲಿ ಮೇಲಿನ ವಿಧಾನವನ್ನೇ ಅನುಸರಿಸಬಹುದು.

ಪ್ರಶ್ನೆ: ಪರವಾನಗಿದಾರರು ಮೃತಪಟ್ಟ ನಂತರ ಬಂದೂಕು ಮನೆಯಲ್ಲಿಯೇ ಉಳಿದಿದೆ. ಏನು ಮಾಡಬೇಕು?
ಉತ್ತರ: ಪರವಾನಗಿಯು ವ್ಯಕ್ತಿಗೆ ಸೇರಿದ್ದೇ ಹೊರತು ಮನೆತನಕ್ಕಲ್ಲ. ಬಂದೂಕನ್ನು ವಿಳಂಬವಿಲ್ಲದೆ ಠಾಣೆಯಲ್ಲಿ ಅಥವಾ ಅಧಿಕೃತ ವ್ಯಾಪಾರಿಯ ಬಳಿ ಠೇವಣಿ ಇಟ್ಟು, ಇಚ್ಛೆಯಿದ್ದಲ್ಲಿ ಕಾನೂನುಬದ್ಧ ವಾರಸುದಾರರು ಪರವಾನಗಿಗೆ ಅರ್ಜಿ ಸಲ್ಲಿಸಬಹುದು.

ಪ್ರಶ್ನೆ: ಕೊಡಗಿನಲ್ಲಿ ಪರವಾನಗಿ ಇಲ್ಲದೆ ಬಂದೂಕು ಹೊಂದಲು ಅವಕಾಶವಿದೆಯಲ್ಲವೇ?
ಉತ್ತರ: ಕೊಡವ ಜನಾಂಗದವರು ಹಾಗೂ ಜಮ್ಮಾ ಹಿಡುವಳಿದಾರರಿಗೆ ಕೇಂದ್ರ ಸರ್ಕಾರವು ನೀಡಿದ ಆ ವಿನಾಯಿತಿಯನ್ನು 2019ರಲ್ಲಿ 10 ವರ್ಷಗಳಿಗೆ ಮುಂದುವರಿಸಲಾಗಿದೆ. ಅದು ಬೆಳಗಾವಿ ಜಿಲ್ಲೆಯ ನಿವಾಸಿಗಳಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಪ್ರಶ್ನೆ: ಮಾಹಿತಿ ನೀಡಿದ ನಂತರ ಕ್ರಮವಾಗದಿದ್ದಲ್ಲಿ?
ಉತ್ತರ: ಸ್ವೀಕೃತಿಯ ಪ್ರತಿಯೊಂದಿಗೆ ಪೊಲೀಸ್ ಅಧೀಕ್ಷಕರಿಗೆ ಹಾಗೂ ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸುವುದು. ಹೊಸ ಸಂಗತಿ ಕಂಡುಬಂದಲ್ಲಿ ಹಿಂದಿನ ಪತ್ರದ ದಿನಾಂಕವನ್ನು ಉಲ್ಲೇಖಿಸಿ ಮತ್ತೊಮ್ಮೆ ಮಾಹಿತಿ ನೀಡುವುದು. ಒಮ್ಮೆ ತಿಳಿಸಿದ್ದಾಗಿದೆ ಎಂದು ಸುಮ್ಮನಾಗಬಾರದು.

ಪ್ರಶ್ನೆ: ಮಾಹಿತಿ ನೀಡಲು ಶುಲ್ಕವಿದೆಯೇ?
ಉತ್ತರ: ಇಲ್ಲ. ನಿಗದಿತ ನಮೂನೆಯೂ ಇಲ್ಲ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದು ಸಹಿ ಮಾಡಿದ ಪತ್ರವು ಸಾಕಾಗುತ್ತದೆ. ಬರೆಯಲು ಬಾರದವರು ಮೌಖಿಕವಾಗಿ ತಿಳಿಸಿದಲ್ಲಿ, ಸಂಜ್ಞೇಯ ಅಪರಾಧದ ಮಾಹಿತಿಯನ್ನು ಠಾಣಾಧಿಕಾರಿಯು ಬರೆದುಕೊಂಡು ಓದಿ ಹೇಳಬೇಕಾಗುತ್ತದೆ.

14. ಮುಕ್ತಾಯ

ಮಾಹಿತಿ ನೀಡುವುದು ಆರೋಪ ಹೊರಿಸುವುದಲ್ಲ. ಕಂಡ ಸಂಗತಿಯನ್ನು ನಿರ್ಧರಿಸಲು ಅಧಿಕಾರವುಳ್ಳವರ ಮುಂದೆ ಇಡುವುದಾಗಿದೆ. ಸಂಘದ ಹೆಸರು ಕೆಡುತ್ತದೆಂಬ ಅಂಜಿಕೆಯಿಂದಾಗಲಿ, ಗೆಳೆತನದ ದಾಕ್ಷಿಣ್ಯದಿಂದಾಗಲಿ ಸುಮ್ಮನಿದ್ದು, ಅನಾಹುತವಾದ ಮೇಲೆ ಮೊದಲೇ ಗೊತ್ತಿತ್ತು ಎಂದು ಹೇಳುವುದರಿಂದ ಯಾರಿಗೂ ಪ್ರಯೋಜನವಾಗಲಾರದು. ಸಕಾಲದಲ್ಲಿ ನೀಡಿದ ನಿಖರವಾದ ಮಾಹಿತಿಯು ನೆರೆಹೊರೆಯವರನ್ನು, ಮನೆಯವರನ್ನು ಹಾಗೂ ಬಹಳಷ್ಟು ಸಲ ಆ ಸದಸ್ಯನನ್ನೇ ರಕ್ಷಿಸುತ್ತದೆ. ಸಾರ್ವಜನಿಕರು ಮತ್ತು ಸಂಘಗಳ ಪದಾಧಿಕಾರಿಗಳು ಈ ದಿಸೆಯಲ್ಲಿ ಸಹಕರಿಸಲು ಕೋರಲಾಗಿದೆ.